ನೀರು ಬಿಟ್ಟು ಬಾರದ ಮೀನಿನ ತೂಕ

ಚಾರ್ಮ್ ಕ್ವಾರ್ಕನ್ನು ಅರಿಯಬೇಕಾದರೆ ಅದು ಸುಳಿಯುವ ಜಾಗದಲ್ಲಿ ಕಾದು ಕೂರಬೇಕು. ಆ ಜಾಗ ಕಾಗದದ ಮೇಲಿನ ಒಂದು ರೇಖೆ. ಅಡ್ಡಕ್ಕೆ ಎಲೆಕ್ಟ್ರಾನ್–ಪಾಸಿಟ್ರಾನ್ ಡಿಕ್ಕಿಯ ಶಕ್ತಿ. ಮೇಲಕ್ಕೆ, ಮ್ಯೂಆನ್ ಜೋಡಿ ಒಂದು ಹುಟ್ಟುವಲ್ಲಿ ಹ್ಯಾಡ್ರಾನುಗಳು, ಅಂದರೆ ಕ್ವಾರ್ಕುಗಳಿಂದಾದ ಕಣಗಳು, ಎಷ್ಟು ಸಲ ಹುಟ್ಟಿದವು ಎಂಬ ಲೆಕ್ಕ.

ಎಡದಿಂದ ನಿಧಾನವಾಗಿ ನಡೆಯೋಣ. ಶಕ್ತಿಯ ಮಾನ ಜಿಇವಿ. 2 ಜಿಇವಿಯಿಂದ 3ರವರೆಗೆ ಬಯಲು, ಎತ್ತರ 2ಕ್ಕಿಂತ ತುಸು ಮೇಲೆ. ಮೂರು ಹಗುರ ಕ್ವಾರ್ಕುಗಳ ವಿದ್ಯುದಂಶದ ವರ್ಗಗಳನ್ನು ಕೂಡಿ ಕ್ವಾರ್ಕಿನ ಮೂರು 'ಬಣ್ಣ'ಗಳಿಂದ ಗುಣಿಸಿದರೆ ಸಿಗುವುದು 2. ಮಿಕ್ಕಿದ್ದು ಕ್ವಾರ್ಕುಗಳನ್ನು ಬೆಸೆಯುವ ಗ್ಲೂಆನುಗಳ ಪಾಲು. 3.097ರಲ್ಲಿ ಇದ್ದಕ್ಕಿದ್ದಂತೆ ನೆಟ್ಟಗೆ ಎದ್ದ ಶಿಖರ: ಜೆ/ಸೈ, ಚಾರ್ಮ್ ಕ್ವಾರ್ಕ್ ಮತ್ತು ಅದರ ಪ್ರತಿಕ್ವಾರ್ಕಿನ ಜೋಡಿ. 1974ರ ನವೆಂಬರಿನಲ್ಲಿ ಬ್ರೂಕ್‌ಹೇವನ್‌ನಲ್ಲಿ ಸ್ಯಾಮ್ಯುಯೆಲ್ ಟಿಂಗ್ ತಂಡಕ್ಕೂ ಸ್ಟ್ಯಾನ್‌ಫರ್ಡ್‌ನಲ್ಲಿ ಬರ್ಟನ್ ರಿಕ್ಟರ್ ತಂಡಕ್ಕೂ ಕಂಡದ್ದು ಇದೇ. ಅಗಲ 0.0001 ಜಿಇವಿಯೂ ಇಲ್ಲ. ಸ್ಟ್ಯಾನ್‌ಫರ್ಡ್‌ನವರು ಮೊದಲು 0.2ರ ಹೆಜ್ಜೆ ಇಡುತ್ತಿದ್ದರು. ಅಷ್ಟು ದೊಡ್ಡ ಹೆಜ್ಜೆಗೆ ಇದು ಸಿಕ್ಕಿದ್ದೇ ಹೆಚ್ಚು. 3.686ರಲ್ಲಿ ಇನ್ನೊಂದು ಶಿಖರ. 3.73 ದಾಟಿದ ಮೇಲೆ ಒಂದೊಂದು ಚಾರ್ಮ್ ಹೊತ್ತ ಡಿ ಮೆಸಾನುಗಳು ಜೋಡಿಯಾಗಿ ಹುಟ್ಟತೊಡಗುತ್ತವೆ, 3.77, 4.04, 4.16, 4.42ರಲ್ಲಿ ದಿಣ್ಣೆಗಳು. 5ರ ಹೊತ್ತಿಗೆ ಮತ್ತೆ ಬಯಲು, ಈ ಸಲ ಎತ್ತರದ್ದು.

ಹಾಗಾದರೆ ಚಾರ್ಮ್ ಕ್ವಾರ್ಕಿನ ದ್ರವ್ಯರಾಶಿ ಎಷ್ಟು? ಮೊದಲ ಶಿಖರದ ಅರ್ಧ 1.55, ಡಿ ಮೆಸಾನಿನದು 1.87. ಎರಡೂ ಅಲ್ಲ. ಕ್ವಾರ್ಕ್ ಒಂಟಿಯಾಗಿ ಹೊರಬರುವುದೇ ಇಲ್ಲ. ನೀರು ಬಿಟ್ಟು ಬಾರದ ಮೀನನ್ನು ತಕ್ಕಡಿಗೆ ಹಾಕುವುದೆಂತು? ಆದರೂ ಒಂಟಿ ಕ್ವಾರ್ಕನ್ನು ತೂಗುವ ಆಸೆಗೆ 'ಪೋಲ್ ಮಾಸ್' ಎಂಬ ಹೆಸರಿದೆ. ಇನ್ನೂ ಭಾರವಾದ ಬಾಟಮ್ ಕ್ವಾರ್ಕಿಗೆ ಅದನ್ನು ಲೆಕ್ಕ ಹಾಕಹೊರಟರೆ ಆರಂಭದ 4.16 ಜಿಇವಿಗೆ ಕೂಡಬೇಕಾದ ತಿದ್ದುಪಡಿಗಳು ಸುಮಾರು 0.40, 0.20, 0.15, 0.14. ಇಳಿಯುತ್ತ ಬಂದವು ಅಲ್ಲೇ ತಳವೂರುತ್ತವೆ. ಇದು ಲೆಕ್ಕಿಗರ ಸೋಮಾರಿತನವಲ್ಲ, ಆ ಕಲ್ಪನೆಯಲ್ಲೇ ಇರುವ ಮಸುಕು ಎಂದು 1994ರಲ್ಲಿ ಸ್ಪಷ್ಟವಾಯಿತು. ಅದಕ್ಕೇ, ಲೆಕ್ಕದ ಒಂದು ಕ್ರಮದಿಂದ ಗೊತ್ತುಮಾಡಿದ ಎಂಎಸ್-ಬಾರ್ ದ್ರವ್ಯರಾಶಿ. ನೋಡುವ ಶಕ್ತಿಗೆ ತಕ್ಕಂತೆ ಅದು ಬದಲಾಗುತ್ತದೆ: ಚಾರ್ಮ್‌ಗೆ ತನ್ನದೇ ಮಟ್ಟದಲ್ಲಿ 1.27, 3 ಜಿಇವಿಯಲ್ಲಿ 0.99ರ ಆಸುಪಾಸು.

ಶಿಖರಗಳನ್ನೇ ದಿಟ್ಟಿಸುತ್ತ ನಿಂತವರಿಗೆ ಈ ಸಂಖ್ಯೆ ಸಿಗದು. 1970ರ ದಶಕದ ಕೊನೆಯಲ್ಲಿ ಮಾಸ್ಕೋದ ಶಿಫ್ಮನ್, ವೈನ್‌ಶ್ಟೈನ್, ಝಖರೊವ್ ಮತ್ತು ಸಂಗಡಿಗರು ಹಿಡಿದ ದಾರಿ ಬೇರೆ. ಹಗುರ ಕ್ವಾರ್ಕುಗಳ ಪಾಲು ಕಳೆದು, ರೇಖೆಯ ಪ್ರತಿ ಬಿಂದುವನ್ನೂ ಶಕ್ತಿಯ ಒಂದು ಘಾತದಿಂದ ಭಾಗಿಸಿ, ಶಿಖರ, ದಿಣ್ಣೆ, ಬಯಲು ಎನ್ನದೆ ಎಲ್ಲವನ್ನೂ ಕೂಡು. ಕೂಡಿದ ಮೊತ್ತವನ್ನು ಸಿದ್ಧಾಂತದಿಂದ ಪಡೆಯಲು ಆ ಏರಿಳಿತಗಳ ಹತ್ತಿರ ಸುಳಿಯಬೇಕಿಲ್ಲ, ಶಕ್ತಿ ಸೊನ್ನೆಯಾದಲ್ಲಿ ಲೆಕ್ಕ ಹಾಕಿದರೆ ಸಾಕು. ಅಲ್ಲಿ ತಿದ್ದುಪಡಿಗಳು ಶಿಸ್ತಾಗಿ ಕುಗ್ಗುತ್ತವೆ. ಚಾರ್ಮ್‌ನ ಮೊದಲ ಮೊತ್ತದಲ್ಲಿ, ಅಂದರೆ ಅತಿ ಚಿಕ್ಕ ಘಾತದ್ದರಲ್ಲಿ, ಅರ್ಧಕ್ಕಿಂತ ಹೆಚ್ಚು ಪಾಲು ಆ ಎರಡು ಸಪೂರ ಶಿಖರಗಳದ್ದು. 2006ರಲ್ಲಿ ಎರಡು ತಂಡಗಳು ನಾಲ್ಕು ಕುಣಿಕೆಗಳವರೆಗೆ (ಲೂಪ್) ಈ ಮೊತ್ತದ ಲೆಕ್ಕ ಮುಗಿಸಿದವು. 2009ರಲ್ಲಿ ಕಾರ್ಲ್ಸ್‌ರೂಹ ಕೇಂದ್ರಿತ ಗುಂಪು 3 ಜಿಇವಿಯಲ್ಲಿ 0.986 ಎಂದು ಬರೆಯಿತು, ಹೆಚ್ಚುಕಡಿಮೆ 0.013.

ಬಾಟಮ್‌ನ ಬಯಲು ಇನ್ನೂ ಬಲಕ್ಕೆ, 9.46ರ ಅಪ್ಸಿಲಾನ್ ಶಿಖರದಿಂದಾಚೆ. ಅಲ್ಲಿ ಬಾಬಾರ್ ಪ್ರಯೋಗದವರು ಸಣ್ಣ ಹೆಜ್ಜೆ ಇಟ್ಟು ಅಳೆದದ್ದು 11.2ರವರೆಗೆ. ಅದರಾಚೆಗೆ ಲೆಕ್ಕವೇ ಅಳತೆಯ ಜಾಗ ತುಂಬಬೇಕು. ಹಾಗಾಗಿ ಇಲ್ಲಿ ಎರಡನೆಯ ಮೊತ್ತವನ್ನು ಆರಿಸಿಕೊಳ್ಳುತ್ತಾರೆ: ಭಾಗಿಸುವ ಘಾತ ಹೆಚ್ಚಿದಷ್ಟೂ ಆ ಅಳೆಯದ ಬಯಲಿನ ತೂಕ ಕಡಿಮೆ.