ಹೊಗೆಯ ಬಣ್ಣ ನೋಡಿ, ಸೈಲೆನ್ಸರ್ ಸದ್ದು ಕೇಳಿ

ಹಿಮಾಯತ್‌ನಗರ: ಹಬ್ಬ ಹತ್ತಿರ ಬಂತೆಂದರೆ ನಮ್ಮ ಬಡಾವಣೆಯ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೊರಡುವ ಸಿದ್ಧತೆ ಶುರುವಾಗುತ್ತದೆ. ಕಲಬುರಗಿ, ಬೀದರ್, ರಾಯಚೂರು ಎಲ್ಲವೂ ಕಾರಿನಲ್ಲಿ ಅರ್ಧ ದಿನದೊಳಗಿನ ಹಾದಿ. ಟೈರಿಗೆ ಗಾಳಿ, ಎಂಜಿನ್ ಆಯಿಲ್, ಎ.ಸಿ., ವೈಪರ್ ಎಲ್ಲವನ್ನೂ ನೋಡಿಸುತ್ತೇವೆ. ಎಂಜಿನ್‌ನಿಂದ ಹಿಂದಿನ ಬಂಪರ್‌ವರೆಗೆ ಗಾಡಿಯ ಹೊಟ್ಟೆಯ ಕೆಳಗೆ ಉದ್ದಕ್ಕೂ ಮಲಗಿರುವ ಹೊಗೆ ಕೊಳವೆಯನ್ನು ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ. ಅದು ಸದ್ದು ಮಾಡಿದ ದಿನವೇ ಅದರ ನೆನಪು.

ಸದ್ದು ಜೋರಾದರೆ ಕಿವಿಗೆ ಕಿರಿಕಿರಿ, ಸಿಗ್ನಲ್‌ನಲ್ಲಿ ಪೊಲೀಸರ ಕಣ್ಣು. ಅಷ್ಟಕ್ಕೇ ಮುಗಿಯುವುದಾದರೆ ಚಿಂತೆಯಿರಲಿಲ್ಲ. ಎಂಜಿನ್‌ನಿಂದ ಬರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಜಹೀರಾಬಾದ್ ದಾಟುವಷ್ಟರಲ್ಲಿ ಮಕ್ಕಳಿಗೆ ತಲೆಸುತ್ತು, ವಾಂತಿ ಶುರುವಾದರೆ ಹಿರಿಯರು ಪಿತ್ತ ಎನ್ನುತ್ತಾರೆ, ಮೂಸಲು ನಿಂಬೆಹಣ್ಣು ಕೊಡುತ್ತಾರೆ. ಬಹಳ ಸಲ ಅದು ಪಿತ್ತವೇ ಇರಬಹುದು. ಆದರೆ ಕಾರಿನಲ್ಲಿ ಕುಳಿತ ಎಲ್ಲರಿಗೂ ಒಟ್ಟಿಗೆ ತಲೆ ಭಾರವಾಗಿ, ಮಂಪರು ಹಿಡಿದು, ಕೆಳಗಿಳಿದು ಗಾಳಿಗೆ ನಿಂತ ಸ್ವಲ್ಪ ಹೊತ್ತಿಗೆ ಹಗುರವಾದರೆ ಅದು ಪಿತ್ತವಲ್ಲ. ಕೂಡಲೇ ಗಾಜುಗಳನ್ನೆಲ್ಲ ಇಳಿಸಿ, ಗಾಡಿ ನಿಲ್ಲಿಸಿ, ಎಲ್ಲರೂ ಹೊರಗೆ ಬರಬೇಕು. ಹೊಗೆ ಒಳಗೆ ನುಗ್ಗುತ್ತಿದೆ ಎಂದೇ ತಿಳಿಯಬೇಕು.

ಹೊಗೆ ಒಳಗೆ ಬರುವುದಕ್ಕೆ ದಾರಿ ಎರಡು. ಎಂಜಿನ್ ಪಕ್ಕದ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದ್ದರೆ ಮುಂದಿನ ಗಾಜಿನ ಬುಡದಲ್ಲಿರುವ ಗಾಳಿ ಕಿಂಡಿಯಿಂದ ಬರುತ್ತದೆ. ಇನ್ನೊಂದು ದಾರಿ ಡಿಕ್ಕಿ. ಊರಿಂದ ಬರುವಾಗ ಜೋಳದ ಚೀಲ, ತೊಗರಿಬೇಳೆ ಎಲ್ಲ ತುಂಬಿ, ಡಿಕ್ಕಿ ಮುಚ್ಚದೆ ಹಗ್ಗದಿಂದ ಕಟ್ಟಿಕೊಂಡು ಬರುವವರಿದ್ದಾರೆ. ಓಡುವ ಗಾಡಿಯ ಹಿಂದೆ ಗಾಳಿ ಸುರುಳಿ ಸುತ್ತುತ್ತದೆ. ಆ ಅರೆತೆರೆದ ಬಾಯಿಂದ ಹೊಗೆ ನೇರ ಹಿಂದಿನ ಸೀಟಿಗೆ ಬರುತ್ತದೆ. ಸೈಲೆನ್ಸರ್ ಹೊಚ್ಚ ಹೊಸದಾಗಿದ್ದರೂ ಈ ಅಪಾಯ ತಪ್ಪಿದ್ದಲ್ಲ. ಡಿಕ್ಕಿ ಬಾಗಿಲಿನ ರಬ್ಬರ್ ಪಟ್ಟಿ ಹರಿದಿದ್ದರೂ ಇದೇ ಕಥೆ.

ಕಾಚಿಗುಡಕ್ಕೆ ಹೋಗಿ ಬಂದರೆ ಸಾಕೆ?

ಪೆಟ್ರೋಲ್ ಉರಿದಾಗ ಹೊಗೆಯ ಜೊತೆ ನೀರೂ ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು! ಡಿಸೆಂಬರ್ ಬೆಳಿಗ್ಗೆ ಕೊಳವೆಯ ತುದಿಯಿಂದ ಹನಿ ತೊಟ್ಟಿಕ್ಕುವುದು, ತೆಳ್ಳನೆ ಬಿಳಿ ಆವಿ ಏಳುವುದು ಇದರಿಂದಲೇ. ಅದು ರೋಗವಲ್ಲ, ಹೆದರಬೇಕಿಲ್ಲ.

ತೊಂದರೆ ಇರುವುದು ನಮ್ಮ ಓಡಾಟದ ರೀತಿಯಲ್ಲಿ. ಹಿಮಾಯತ್‌ನಗರದವರ ಕಾರು ವಾರಪೂರ್ತಿ ಎಲ್ಲಿಗೆ ಹೋಗುತ್ತದೆ? ನಾರಾಯಣಗುಡದ ತರಕಾರಿ, ಕೋಠಿಯ ಪುಸ್ತಕದಂಗಡಿ, ಅಬಿಡ್ಸ್, ಕಾರ್ಯಕ್ರಮ ಇದ್ದರೆ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ. ಎರಡು ಮೂರು ಕಿಲೋಮೀಟರ್, ಅದರಲ್ಲೂ ಅರ್ಧ ಹೊತ್ತು ಸಿಗ್ನಲ್‌ನಲ್ಲಿ. ಎಂಜಿನ್ ಬಿಸಿಯಾದರೂ ಹಿಂಬದಿಯ ಸೈಲೆನ್ಸರ್ ಬಿಸಿಯಾಗುವ ಮೊದಲೇ ಗಾಡಿ ನಿಲ್ಲುತ್ತದೆ. ಒಳಗಿನ ನೀರು ಆವಿಯಾಗದೆ ಅಲ್ಲೇ ಉಳಿದು, ಹೊಗೆಯ ಆಮ್ಲದೊಂದಿಗೆ ಸೇರಿ ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ನೋಡಿದರೆ ಸೈಲೆನ್ಸರ್ ಚೆನ್ನಾಗಿಯೇ ಇರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಸದ್ದು ಬೊದ್ದಾಗಿ ಬರುತ್ತದೆ, ತುಕ್ಕಿನ ಪುಡಿ ಉದುರುತ್ತದೆ. ಕಡಿಮೆ ಓಡಿದ ಕಾರೆಂದು ಹೆಮ್ಮೆಯಿಂದ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿಯ ಸೈಲೆನ್ಸರ್ ಬೇಗ ಹೋಗುವುದು ಇದೇ ಕಾರಣಕ್ಕೆ. ವಾರಕ್ಕೊಮ್ಮೆಯಾದರೂ ಔಟರ್ ರಿಂಗ್ ರೋಡ್ ಕಡೆಗೋ ಬೇರೆಲ್ಲಿಗೋ ಅರ್ಧ ಗಂಟೆ ಬಿಡದೆ ಓಡಿಸಿದರೆ ಒಳಗೆ ಒಣಗುತ್ತದೆ.

ಅಂದಹಾಗೆ, ಕೆಲವು ಸೈಲೆನ್ಸರ್‌ಗಳ ತಳದಲ್ಲಿ ಸಣ್ಣದೊಂದು ತೂತನ್ನು ಕಂಪನಿಯವರೇ ಇಟ್ಟಿರುತ್ತಾರೆ. ನೀರು ಸೋರಿ ಹೋಗಲೆಂದು. ಅದನ್ನು ಲೀಕೇಜ್ ಎಂದುಕೊಂಡು ವೆಲ್ಡಿಂಗ್ ಮಾಡಿಸಿ ಮುಚ್ಚಿಸುವವರನ್ನು ಏನೆನ್ನಬೇಕೋ.

2020ರ ಏಪ್ರಿಲ್ 1ರ ನಂತರದ ಬಿಎಸ್-6 ಡೀಸೆಲ್ ಕಾರು ಇರುವವರಿಗೆ ಈ ಮಾತು ಇನ್ನೂ ಮುಖ್ಯ. ಅವುಗಳಲ್ಲಿ ಮಸಿಯನ್ನು ಹಿಡಿದಿಡುವ ಡಿ.ಪಿ.ಎಫ್. ಎಂಬ ಜರಡಿ ಇರುತ್ತದೆ. ಅದರೊಳಗಿನ ಮಸಿ ಸುಟ್ಟು ಬೂದಿಯಾಗಬೇಕಾದರೆ ಸುಮಾರು 600 ಡಿಗ್ರಿ ಶಾಖ ಬೇಕು. ಲಿಬರ್ಟಿಯಿಂದ ನಾರಾಯಣಗುಡಕ್ಕೆ ಹೋಗಿ ಬರುವ ಓಡಾಟದಲ್ಲಿ ಅದು ಎಲ್ಲಿ ಬರಬೇಕು? ಜರಡಿ ಕಟ್ಟಿ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತಿದ ದಿನವೇ ಹೆದ್ದಾರಿಗೆ ಇಳಿದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಬೇಕು. ನಾಳೆ ನೋಡೋಣ ಎಂದರೆ ಗಾಡಿಯ ಶಕ್ತಿಯೇ ಕುಗ್ಗುತ್ತದೆ, ಕೊನೆಗೆ ಜರಡಿಯನ್ನೇ ಬದಲಾಯಿಸಬೇಕಾಗುತ್ತದೆ. ದಿನಕ್ಕೆ ನಾಲ್ಕು ಕಿಲೋಮೀಟರ್ ಓಡಿಸುವವರು ಡೀಸೆಲ್ ಕಾರು ಕೊಳ್ಳುವುದೇ ತಪ್ಪೆಂಬುದು ಈ ಲೇಖಕನ ಅಭಿಪ್ರಾಯ.

ಸದ್ದು ಹೇಳುವ ಸುದ್ದಿ

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಾನೆಟ್ ಒಳಗೆ ಟಿಕ್ ಟಿಕ್ ಎಂದು, ಎಂಜಿನ್ ಬಿಸಿಯಾದ ಮೇಲೆ ನಿಂತುಹೋದರೆ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿರಬಹುದು ಅಥವಾ ಅದರ ಗ್ಯಾಸ್ಕೆಟ್ ಹೋಗಿರಬಹುದು. ಮೆಕ್ಯಾನಿಕ್‌ಗಳು ಇದನ್ನು ಪ್ಯಾಕಿಂಗ್ ಎನ್ನುತ್ತಾರೆ. ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ಚುವುದರಿಂದ ಸದ್ದು ನಿಲ್ಲುತ್ತದೆ, ರೋಗ ಅಲ್ಲೇ ಇರುತ್ತದೆ. ಸ್ಪೀಡ್ ಬ್ರೇಕರ್ ದಾಟುವಾಗ ಕೆಳಗೆ ಢಣ್ ಎಂದರೆ ಕೊಳವೆಯನ್ನು ನೇತುಹಾಕಿರುವ ರಬ್ಬರ್ ಹರಿದಿದೆ. ಅಗ್ಗದ ರಬ್ಬರ್ ಅದು. ಬಿಟ್ಟರೆ ಕೊಳವೆ ಜೋತುಬಿದ್ದು ಜಾಯಿಂಟೇ ಮುರಿಯುತ್ತದೆ. ಎಕ್ಸಲರೇಟರ್ ಒತ್ತಿದಷ್ಟೂ ಗುಡುಗುಟ್ಟಿದರೆ ಸೈಲೆನ್ಸರ್ ತೂತಾಗಿದೆ. ಒಳಗೆ ಗಾಜಿನ ಚೂರು ಅಲ್ಲಾಡಿಸಿದಂತೆ ಕಿಣಿಕಿಣಿ ಎಂದರೆ ಕ್ಯಾಟಲಿಟಿಕ್ ಕನ್ವರ್ಟರ್‌ನ ಪಿಂಗಾಣಿ ಒಡೆದಿದೆ.

ಸೋರಿಕೆ ಎಲ್ಲಿದೆ ಎಂದು ಮನೆಯಲ್ಲೇ ಪತ್ತೆ ಹಚ್ಚಬಹುದು. ಬಯಲಿನಲ್ಲಿ, ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಬ್ಬರು ದಪ್ಪ ಒದ್ದೆ ಬಟ್ಟೆಯನ್ನು ಕೊಳವೆಯ ತುದಿಗೆ ಕೆಲವು ಸೆಕೆಂಡ್ ಒತ್ತಿ ಹಿಡಿಯಲಿ. ಒಳಗೆ ಒತ್ತಡ ಏರಿ, ಸೋರುವ ಕಡೆ ಬುಸ್ ಎನ್ನುತ್ತದೆ. ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಕಿವಿಗೊಟ್ಟರೆ ಸಾಕು, ಗಾಡಿಯ ಅಡಿಗೆ ನುಸುಳುವುದು ಬೇಡ. ಜಾಕ್ ನಂಬಿ ಮಲಗುವುದಂತೂ ಬೇಡವೇ ಬೇಡ. ಜಾಯಿಂಟ್ ಸುತ್ತ ಕಪ್ಪು ಮಸಿಯ ಗುರುತಿದ್ದರೆ ಅದೂ ಸೋರಿಕೆಯ ಸಾಕ್ಷಿ.

ಹೊಗೆಯ ಬಣ್ಣ ನೋಡುವುದು ಇನ್ನೂ ಸುಲಭ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದು, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಓಡಿಸಬೇಡಿ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬೆಳಗಿನ ಸ್ಟಾರ್ಟಿಂಗ್‌ನಲ್ಲಿ ಮಾತ್ರ ಬಂದರೆ ಸಾಮಾನ್ಯವಾಗಿ ವಾಲ್ವ್ ಸೀಲ್, ಏರುವಾಗ, ಎಳೆಯುವಾಗ ಬಂದರೆ ಪಿಸ್ಟನ್ ರಿಂಗ್. ಕಪ್ಪು ಹೊಗೆ ಬಂದರೆ ಇಂಧನ ಹೆಚ್ಚು, ಗಾಳಿ ಕಡಿಮೆ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ಅರ್ಧದಷ್ಟು ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

'ಪೂರಾ ಸೆಟ್ ಡಾಲ್ನಾ ಸಾಬ್'

ಇನ್ನು ಜೇಬಿಗೆ ಕತ್ತರಿ ಬೀಳುವ ಭಾಗ. ಕ್ಯಾಟಲಿಟಿಕ್ ಕನ್ವರ್ಟರ್ ನಮ್ಮ ದೇಶದ ಪೆಟ್ರೋಲ್ ಕಾರುಗಳಿಗೆ ಬಂದದ್ದು 1995ರಲ್ಲಿ, ಮೊದಲು ನಾಲ್ಕು ಮಹಾನಗರಗಳಲ್ಲಿ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನ ತೆಳು ಲೇಪ ಇರುತ್ತದೆ. ವಿಷಾನಿಲವನ್ನು ಸೌಮ್ಯ ಮಾಡುವುದು ಅದೇ, ಬೆಲೆ ಹತ್ತಾರು ಸಾವಿರಕ್ಕೆ ಏರುವುದೂ ಅದರಿಂದಲೇ. ಇದಕ್ಕಾಗಿಯೇ ರಾತ್ರೋರಾತ್ರಿ ಗಾಡಿಗಳ ಅಡಿಯಿಂದ ಕೊಳವೆ ಕತ್ತರಿಸಿ ಒಯ್ದ ಪ್ರಕರಣಗಳು ಕಳೆದ ಕೆಲವು ವರ್ಷಗಳಲ್ಲಿ ದೇಶದ ಹಲವು ನಗರಗಳಲ್ಲಿ ನಡೆದಿವೆ.

ಚೆಕ್ ಎಂಜಿನ್ ದೀಪ ಹತ್ತಿದೆ, ಸ್ಕ್ಯಾನರ್ ಹಾಕಿದರೆ ಪಿ0420 ಎಂಬ ಕೋಡ್ ಬಂತು ಎಂದುಕೊಳ್ಳಿ. ಕೆಲವು ಗ್ಯಾರೇಜುಗಳಲ್ಲಿ ಅಲ್ಲೇ ತೀರ್ಪು: "ಕನ್ವರ್ಟರ್ ಗಯಾ ಸಾಬ್, ಪೂರಾ ಸೆಟ್ ಡಾಲ್ನಾ." ದುಡ್ಡು ತೆಗೆಯುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಕನ್ವರ್ಟರ್‌ಗೆ ಮುಂಚೆ ಎಲ್ಲಾದರೂ ಸೋರಿಕೆ ಇದೆಯೇ? ಇದ್ದರೆ ಹೊರಗಿನ ಗಾಳಿ ಒಳಸೇರಿ ಆಕ್ಸಿಜನ್ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ. ಸೆನ್ಸರ್ ಪರೀಕ್ಷಿಸಿದ್ದೀರಾ? ಎಂಜಿನ್ ಮಿಸ್ ಹೊಡೆಯುತ್ತಿದೆಯೇ? ಕೊನೆಯದು ಬಹಳ ಮುಖ್ಯ. ಸ್ಪಾರ್ಕ್ ಪ್ಲಗ್ ಅಥವಾ ಕಾಯಿಲ್ ಕೆಟ್ಟು ಉರಿಯದ ಪೆಟ್ರೋಲ್ ಕನ್ವರ್ಟರ್‌ಗೆ ಹೋದರೆ ಅಲ್ಲೇ ಹೊತ್ತಿ ಉರಿದು ಪಿಂಗಾಣಿಯನ್ನು ಕರಗಿಸುತ್ತದೆ. ಮೂಲ ರೋಗ ಬಿಟ್ಟು ಹೊಸ ಕನ್ವರ್ಟರ್ ಹಾಕಿಸಿದರೆ ಅದೂ ಕೆಲವೇ ತಿಂಗಳು. ಆ ದೀಪ ಸುಮ್ಮನೆ ಉರಿಯದೆ ಮಿನುಗುತ್ತಿದ್ದರೆ ಮಿಸ್‌ಫೈರ್ ಜೋರಾಗಿದೆ ಎಂದರ್ಥ. ಗಾಡಿ ಬದಿಗೆ ಹಾಕಿ ನಿಲ್ಲಿಸುವುದೇ ಲೇಸು.

ಹಳೆಯ ಕನ್ವರ್ಟರ್ ಬದಲಿಸಿದರೆ ಅದನ್ನು ಕೇಳಿ ವಾಪಸು ಪಡೆಯಿರಿ, ಗುಜರಿಗೂ ಅದಕ್ಕೆ ಬೆಲೆಯಿದೆ. ಕನ್ವರ್ಟರ್ ತೆಗೆದು ಬರಿ ಕೊಳವೆ ಬೆಸೆದುಕೊಡುತ್ತೇನೆ ಎನ್ನುವವರ ಮಾತು ಕೇಳಬೇಡಿ. ಬಿಎಸ್-4 ಪೆಟ್ರೋಲ್ ಕಾರಿಗೆ ಐಡಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 0.3 ಮಾತ್ರ, ಸರಿಯಾಗಿ ಪರೀಕ್ಷೆ ಮಾಡಿದರೆ ಅಂಥ ಗಾಡಿ ಪಾಸಾಗುವುದು ಕಷ್ಟ. ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಸಿ, ಇಲ್ಲದಿದ್ದರೆ ಎಂಜಿನ್ ಕಂಪ್ಯೂಟರ್‌ಗೆ ಪೆಟ್ಟು ಬೀಳಬಹುದು. ಇನ್ನು ಕೆ.ಎ. 32, 36, 38ರ ಗಾಡಿಗಳವರು ಪದೇ ಪದೇ ಕೇಳುವ ಪ್ರಶ್ನೆ: ಊರಲ್ಲಿ ಮಾಡಿಸಿದ ಪಿ.ಯು.ಸಿ. ಇಲ್ಲಿ ನಡೆಯುತ್ತದೆಯೇ? ಅವಧಿ ಇರುವವರೆಗೆ ದೇಶದೆಲ್ಲೆಡೆ ನಡೆಯುತ್ತದೆ.

ಮಳೆಗಾಲದ ಮಾತು ಬೇರೆ. ಹುಸೇನ್ ಸಾಗರದ ಹೆಚ್ಚುವರಿ ನೀರಿನ ನಾಲೆ ನಮ್ಮ ಪಕ್ಕದಲ್ಲೇ ಹಾದು ಮೂಸಿಗೆ ಸೇರುತ್ತದೆ. 2020ರ ಅಕ್ಟೋಬರ್ ಮಳೆಯಲ್ಲಿ ನಗರದ ತಗ್ಗು ಪ್ರದೇಶಗಳಲ್ಲಿ ಕಾರುಗಳು ಮುಳುಗಿದ್ದನ್ನು ಮರೆತವರಿಲ್ಲ. ನೀರಿನಲ್ಲಿ ನಿಂತುಹೋದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬಾರದು. ಎಂಜಿನ್ ಒಳಗೆ ನೀರು ಸೇರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿಸಿ ಅಥವಾ ಎಳೆಸಿ ಗ್ಯಾರೇಜಿಗೆ ಮುಟ್ಟಿಸಿ, ಮುಂದಿನದು ಅಲ್ಲಿ.

ಇನ್ನೊಂದು ಸಂಗತಿಯನ್ನು ಅಪಾರ್ಟ್‌ಮೆಂಟ್‌ಗಳಲ್ಲಿರುವವರು ಗಮನಿಸಬೇಕು. ನಮ್ಮ ಬಹುತೇಕ ಕಟ್ಟಡಗಳಲ್ಲಿ ಪಾರ್ಕಿಂಗ್ ಸೆಲ್ಲಾರ್‌ನಲ್ಲಿದೆ, ವಾಚ್‌ಮನ್ ಕುಟುಂಬದ ಒಂದು ಕೋಣೆಯೂ ಅನೇಕ ಕಡೆ ಅಲ್ಲೇ ಮೂಲೆಯಲ್ಲಿದೆ. ಕಾರನ್ನು ಬಿಸಿ ಮಾಡಲೆಂದು ಬೆಳಿಗ್ಗೆ ಐದು ನಿಮಿಷ ಅಲ್ಲಿ ಓಡಿಸಿ ಬಿಡುವ ಪದ್ಧತಿ ಕಾರ್ಬ್ಯುರೇಟರ್ ಕಾಲದ್ದು. ಇಂದಿನ ಗಾಡಿಗಳಿಗೆ ಅರ್ಧ ನಿಮಿಷ ಸಾಕು, ಉಳಿದ ಬಿಸಿ ನಿಧಾನವಾಗಿ ಓಡುತ್ತಲೇ ಬರುತ್ತದೆ. ತಣ್ಣಗಿರುವ ಕನ್ವರ್ಟರ್ ಕೆಲಸವನ್ನೇ ಮಾಡುವುದಿಲ್ಲ, ಹಾಗಾಗಿ ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳ ಹೊಗೆಯೇ ಅತಿ ಕೆಟ್ಟದ್ದು. ಹಿಮ್ಮುಖವಾಗಿ ಗಾಡಿ ನಿಲ್ಲಿಸುವ ಅಭ್ಯಾಸವಿರುವವರು ಕೊಳವೆಯ ಬಾಯಿ ಆ ಕೋಣೆಯ ಕಿಟಕಿಯ ಕಡೆ ತಿರುಗಿದೆಯೇ ಎಂದು ಇಂದು ಸಂಜೆ ಇಳಿಯುವಾಗ ಒಮ್ಮೆ ನೋಡಿ.