ದೀಪದ ತಂತಿಯೂ ಓಮನ ನಿಯಮವೂ

ವಿದ್ಯುತ್ತಿನಿಂದ ಕೆಲಸ ಮಾಡುವ ಯಾವ ಸಲಕರಣೆಯನ್ನು ಕೈಗೆತ್ತಿಕೊಂಡರೂ ಅದರ ಮೈಮೇಲೆ ಸಾಮಾನ್ಯವಾಗಿ ಎರಡು ಸಂಖ್ಯೆಗಳು ಅಚ್ಚಾಗಿರುತ್ತವೆ: ಒಂದು ವೋಲ್ಟುಗಳದು, ಇನ್ನೊಂದು ವ್ಯಾಟುಗಳದು. ನೋಡಿದವರು ಬಹುಮಂದಿ, ಓದಿದವರು ಕೆಲವರು. ಆದರೆ ಆ ಎರಡರಿಂದ ಸಲಕರಣೆಯ ಒಳಗುಟ್ಟನ್ನೆಲ್ಲ ಬಿಡಿಸಬಹುದೆಂದರೆ ವಾಚಕರು ಆಶ್ಚರ್ಯಪಡಬಾರದು. ವೋಲ್ಟುಗಳನ್ನು ಆಂಪಿಯರುಗಳಿಂದ ಗುಣಿಸಿದರೆ ವ್ಯಾಟುಗಳು, ಅಂದರೆ ಸೆಕೆಂಡಿಗೆ ವ್ಯಯವಾಗುವ ಶಕ್ತಿ, ದೊರೆಯುತ್ತದೆ. ವೋಲ್ಟುಗಳನ್ನು ಆಂಪಿಯರುಗಳಿಂದ ಭಾಗಿಸಿದರೆ ರೋಧವು ಓಮುಗಳಲ್ಲಿ ದೊರೆಯುತ್ತದೆ. ಒಂದು ಗುಣಾಕಾರ, ಒಂದು ಭಾಗಾಕಾರ. ಇಷ್ಟು ಸುಲಭವಾದುದರಿಂದಲೇ ವಿದ್ಯಾರ್ಥಿಗಳು ಇಲ್ಲಿ ಎಡವುತ್ತಾರೆಂದು ನನ್ನ ಎಣಿಕೆ. ನಾನೂ ಎಡವಿದವನೇ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಮ್ಮೆ ನಮ್ಮ ಅಧ್ಯಾಪಕರು ಮೋಟಾರು ವಾಹನದ ಪುಟ್ಟ ದೀಪವೊಂದನ್ನು ಕೊಟ್ಟು, ವಿಭವಾಂತರವನ್ನು ಹಂತಹಂತವಾಗಿ ಏರಿಸುತ್ತ ಪ್ರವಾಹವನ್ನು ಅಳೆಯುವಂತೆ ಹೇಳಿದ್ದರು. 2 ವೋಲ್ಟಿಗೆ 0.65 ಆಂಪಿಯರ್ ಬಂದಿತು. ಭಾಗಿಸಿದೆ, ರೋಧ ಸುಮಾರು 3.1 ಓಮ್. ಓಮನ ನಿಯಮದಂತೆ ಪ್ರವಾಹವು ವಿಭವಾಂತರಕ್ಕೆ ಅನುಪಾತದಲ್ಲಿರಬೇಕಲ್ಲವೆ? ಹಾಗಾದರೆ 12 ವೋಲ್ಟಿಗೆ ಅದರ ಆರರಷ್ಟು, ಎಂದರೆ 3.9 ಆಂಪಿಯರ್ ಹರಿಯಬೇಕು. ಅಮ್ಮೀಟರಿನ ಮುಳ್ಳು 1.75ರಲ್ಲಿಯೇ ನಿಂತುಬಿಟ್ಟಿತು. ಮುಳ್ಳು ಕೆಟ್ಟಿದೆಯೆಂದು ನಿರ್ಧರಿಸಿ, ಬರೆದಿದ್ದ ಅಂಕಿಗಳನ್ನು ಅಳಿಸಿ, ನಿಯಮಕ್ಕೆ ಒಪ್ಪುವಂತಹ ಅಂಕಿಗಳನ್ನು ತುಂಬಿದೆ. ನಕ್ಷೆಯಲ್ಲಿ ನೆಟ್ಟಗಿನ ಸುಂದರವಾದ ರೇಖೆಯೊಂದು ಮೂಡಿತು.

ಅಧ್ಯಾಪಕರು ಅದನ್ನು ನೋಡಿ ಗದರಲಿಲ್ಲ. "ಹನ್ನೆರಡು ವೋಲ್ಟಿನಲ್ಲಿ ಈ ದೀಪ ಎಷ್ಟು ವ್ಯಾಟು ಹೀರುತ್ತದೆ?" ಎಂದು ಮಾತ್ರ ಕೇಳಿದರು. 12ನ್ನು 3.9ರಿಂದ ಗುಣಿಸಿದೆ, ಸುಮಾರು 47. ದೀಪದ ಲೋಹದ ಬುಡವನ್ನು ಓದೆಂದರು. ಅಲ್ಲಿ ಸಣ್ಣ ಅಕ್ಷರಗಳಲ್ಲಿ 12 ವೋಲ್ಟ್, 21 ವ್ಯಾಟ್ ಎಂದಿತ್ತು. ನಾನು ಅಳಿಸಿಹಾಕಿದ್ದ 1.75ನ್ನು 12ರಿಂದ ಗುಣಿಸಿದರೆ ಬರುವುದು ಸರಿಯಾಗಿ 21. ರಬ್ಬರಿನಿಂದ ಉಜ್ಜಿದ ಕಡೆ ಕಾಗದ ತೆಳ್ಳಗಾಗಿದ್ದುದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಹಾಗಾದರೆ ಓಮನ ನಿಯಮ ಸುಳ್ಳಾಯಿತೆ? ಇಲ್ಲ, ಅದಕ್ಕೆ ಅಂಟಿಕೊಂಡಿರುವ ಒಂದು ಕರಾರನ್ನು ನಾನು ಮರೆತಿದ್ದೆ. ವಾಹಕದ ಉಷ್ಣತೆ ಬದಲಾಗಬಾರದು. ದೀಪದೊಳಗಿನ ಟಂಗ್‌ಸ್ಟನ್ ತಂತಿಯಾದರೋ ಪೂರ್ಣವಾಗಿ ಬೆಳಗುವಾಗ ಸುಮಾರು 2,500 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾಯುತ್ತದೆ. ಕಾದಂತೆ ಲೋಹದ ಪರಮಾಣುಗಳ ಕಂಪನ ಹೆಚ್ಚಿ, ಇಲೆಕ್ಟ್ರಾನುಗಳ ದಾರಿಗೆ ಅಡ್ಡಿ ಹೆಚ್ಚುತ್ತದೆ. ಆದುದರಿಂದ 12 ವೋಲ್ಟಿನಲ್ಲಿ ನನ್ನ ದೀಪದ ರೋಧ 3.1 ಓಮ್ ಆಗಿರದೆ ಸುಮಾರು 6.9 ಓಮ್ ಆಗಿದ್ದಿತು.

ಈ ಕರಾರಿನ ಮಹತ್ತ್ವವನ್ನು ಅರಿತವರಲ್ಲಿ ಓಮನೇ ಒಬ್ಬ. ಜರ್ಮನಿಯ ಕೊಲೋನ್ ನಗರದ ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ಜಾರ್ಜ್ ಸೈಮನ್ ಓಮ್ ಮೊದಲು ವೋಲ್ಟಾನ ಕೋಶಗಳನ್ನು ಬಳಸಿ, ಅವುಗಳ ಬಲ ಕ್ಷಣಕ್ಷಣಕ್ಕೂ ಕುಗ್ಗುವುದನ್ನು ಕಂಡು ಬೇಸತ್ತ. ಬಳಿಕ ಪೊಗೆನ್‌ಡಾರ್ಫನ ಸಲಹೆಯಂತೆ ಬಿಸ್ಮತ್ ಮತ್ತು ತಾಮ್ರಗಳ ಉಷ್ಣವಿದ್ಯುತ್ ಜೋಡಿಯೊಂದನ್ನು ರಚಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಕರಗುವ ಮಂಜಿನಲ್ಲಿಯೂ ಇಟ್ಟ. ಆಗ ಅಲುಗದ ವಿಭವಾಂತರ ದೊರೆಯಿತು. ಉದ್ದ ಬೇರೆಬೇರೆಯಾದ ಎಂಟು ತಾಮ್ರದ ತಂತಿಗಳನ್ನು ಒಂದಾದ ಮೇಲೊಂದರಂತೆ ಸೇರಿಸಿ, ತೂಗಾಡುವ ಕಾಂತಸೂಜಿಯ ತಿರುಗುವಿಕೆಯಿಂದ ಪ್ರವಾಹವನ್ನು ಅಳೆದ. 1827ರಲ್ಲಿ ಅವನ ಗ್ರಂಥ ಹೊರಬಂದಾಗ ಸ್ವದೇಶದಲ್ಲಿ ದೊರೆತ ಆದರ ಅಷ್ಟಕ್ಕಷ್ಟೆ. ಲಂಡನಿನ ರಾಯಲ್ ಸೊಸೈಟಿಯು ಕಾಪ್ಲೆ ಪದಕವನ್ನಿತ್ತುದು 1841ರಲ್ಲಿ. ಜೂಲನು ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೂ ರೋಧಕ್ಕೂ ಅನುಪಾತದಲ್ಲಿದೆಯೆಂದು ಪ್ರಕಟಿಸಿದುದೂ ಅದೇ ವರ್ಷ.

ಮನೆಯ ಹಳೆಯ 60 ವ್ಯಾಟಿನ ದೀಪವನ್ನು ನೋಡೋಣ. 60ನ್ನು 230ರಿಂದ ಭಾಗಿಸಿದರೆ ಪ್ರವಾಹ 0.26 ಆಂಪಿಯರ್, ರೋಧ ಸುಮಾರು 880 ಓಮ್. ಅದನ್ನೇ ಆರಿಸಿ, ತಣ್ಣಗಾದ ಮೇಲೆ ಓಮ್‌ಮೀಟರಿಗೆ ಜೋಡಿಸಿದರೆ 65 ಓಮಿನ ಆಸುಪಾಸಿನಲ್ಲಿ ತೋರಿಸುತ್ತದೆ! ಗುಂಡಿಯನ್ನು ಒತ್ತಿದ ಮೊದಲ ಕ್ಷಣದಲ್ಲಿ ತಂತಿ ಇನ್ನೂ ತಣ್ಣಗಿರುವುದರಿಂದ ಮೂರೂವರೆ ಆಂಪಿಯರಿನಷ್ಟು ಪ್ರವಾಹ ನುಗ್ಗಬಲ್ಲುದು. ಅರುವತ್ತು ವ್ಯಾಟಿನ ದೀಪ ಆ ಕ್ಷಣಕ್ಕೆ ಎಂಟುನೂರು ವ್ಯಾಟಿನದಾಗುತ್ತದೆ. ಸೆಕೆಂಡಿನ ಅಲ್ಪಾಂಶದಲ್ಲಿ ತಂತಿ ಕಾದು ಪ್ರವಾಹ ಇಳಿಯುತ್ತದೆ. ಸವೆದ ದೀಪಗಳು ಬೆಳಗುತ್ತಿರುವಾಗ ಕೆಡದೆ, ಹೊತ್ತಿಸಿದೊಡನೆಯೇ 'ಟಪ್' ಎಂದು ಕೆಡುತ್ತಿದ್ದುದೇಕೆಂಬುದು ಈಗ ಹೊಳೆದಿರಬೇಕು. ಇಂದು ಇಂತಹ ದೀಪಗಳ ಸ್ಥಾನವನ್ನು ಎಲ್.ಇ.ಡಿ. ದೀಪಗಳು ಬಹುಮಟ್ಟಿಗೆ ಆಕ್ರಮಿಸಿವೆ; ಅವುಗಳೊಳಗೆ ಇಲೆಕ್ಟ್ರಾನಿಕ್ ಮಂಡಲವಿರುವುದರಿಂದ ಈ ಸರಳ ಲೆಕ್ಕ ಅವಕ್ಕೆ ಸಲ್ಲದು. ಪ್ರಯೋಗಮಾಡುವ ಉತ್ಸಾಹವಿದ್ದವರು ಬ್ಯಾಟರಿಯ ದೀಪದಲ್ಲಿ ಮಾಡಲಿ, ಗೋಡೆಯ ವಿದ್ಯುತ್ತಿನ ಗೊಡವೆಗೆ ಹೋಗಬಾರದು.

ನೀರು ಕಾಯಿಸುವ ಸಲಾಕೆಯೊಳಗಿನ ನಿಕ್ರೋಮ್ ತಂತಿ ಇಂತಹ ಚಂಚಲ ಸ್ವಭಾವದ್ದಲ್ಲ. ಕಾದರೂ ಅದರ ರೋಧ ಅಷ್ಟಾಗಿ ಬದಲಾಗದು. 230 ವೋಲ್ಟ್, 1,000 ವ್ಯಾಟಿನ ಸಲಾಕೆಯ ರೋಧ ಸುಮಾರು 53 ಓಮ್. ಹಳ್ಳಿಯ ಕೊನೆಯ ಮನೆಯಲ್ಲಿ ಸಂಜೆಯ ಹೊತ್ತು ವಿಭವಾಂತರ 180 ವೋಲ್ಟಿಗೆ ಇಳಿಯಿತೆನ್ನೋಣ. ಪ್ರವಾಹ 3.4 ಆಂಪಿಯರಿಗೆ ಇಳಿಯುತ್ತದೆ. ಗುಣಿಸಿದರೆ ಸುಮಾರು 610 ವ್ಯಾಟ್. ವೋಲ್ಟುಗಳು ನೂರಕ್ಕೆ ಇಪ್ಪತ್ತೆರಡರಷ್ಟು ಕುಗ್ಗಿದರೆ ಶಾಖ ನೂರಕ್ಕೆ ಮೂವತ್ತೊಂಬತ್ತರಷ್ಟು ಕುಗ್ಗಿತು, ಏಕೆಂದರೆ ವೋಲ್ಟುಗಳೂ ಆಂಪಿಯರುಗಳೂ ಜೊತೆಯಾಗಿಯೇ ಇಳಿದವು. ಹೊರಗೆ ಸೋರಿಹೋಗುವ ಶಾಖವನ್ನು ಬಿಟ್ಟರೆ, ಹತ್ತು ಲೀಟರು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ತರಲು ಇಪ್ಪತ್ತನಾಲ್ಕು ನಿಮಿಷಗಳ ಬದಲು ನಲವತ್ತು ನಿಮಿಷಗಳು ಬೇಕಾಗುತ್ತವೆ. ಸಲಾಕೆ ಹಳತಾಯಿತೆಂದು ಹೊಸದನ್ನು ಕೊಳ್ಳಲು ಹೊರಟವರು ಮೊದಲು ಮುಂಜಾನೆಯೊಮ್ಮೆ, ಊರು ಏಳುವ ಮುನ್ನ, ಅದರಿಂದಲೇ ನೀರು ಕಾಯಿಸಿ ಗಡಿಯಾರ ನೋಡಲಿ.