ಹಬೆ ಬಾಯ್ಲರ್ ಕೈಕೊಟ್ಟರೆ ಮೊದಲು ಕೊಳವೆ ನೋಡಿ

ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ 102 ಅಂತಸ್ತು. ಅಷ್ಟನ್ನೂ ಬೆಚ್ಚಗಿಡಲು 2 ಪಿಎಸ್‌ಐ ಆಸುಪಾಸಿನ ಒತ್ತಡದ ಹಬೆ ಸಾಕು ಎಂಬುದು ಅಮೆರಿಕದ ಹಬೆ ರಿಪೇರಿಯವರು ಸದಾ ಹೇಳುವ ಮಾತು. ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಕೂಗುವುದು ಒತ್ತಡ 15ರ ಹತ್ತಿರ ಬಂದಾಗ. ಹೀಗಿರುವಾಗ ಬಾಸ್ಟನ್ ಪಕ್ಕದ ಸಾಮರ್‌ವಿಲ್‌ನಲ್ಲೋ ನ್ಯೂಜೆರ್ಸಿಯ ಹಳೆಯ ಊರಿನಲ್ಲೋ ಇರುವ ಎರಡಂತಸ್ತಿನ ಮನೆಯ ಬೇಸ್‌ಮೆಂಟಿನಲ್ಲಿ ಬಾಯ್ಲರ್‌ನ ಮುಳ್ಳು 8ಕ್ಕೆ ಏರಿದ್ದೂ ಮೇಲಿನ ಮಲಗುವ ಕೋಣೆ ಕೊರೆಯುತ್ತಿದ್ದರೆ, ಒತ್ತಡ ಇನ್ನಷ್ಟು ಏರಿಸುವುದು ಅದಕ್ಕೆ ಮದ್ದಲ್ಲ. ಬಹಳ ಸಲ ರೋಗ ಇರುವುದು ಬಾಯ್ಲರ್‌ನಲ್ಲೂ ಅಲ್ಲ.

ಆ ಕಡೆ ನೆಲೆಸಿದ ಕನ್ನಡಿಗರಲ್ಲಿ ರೈಲಿಗೆ, ಒಳ್ಳೆಯ ಶಾಲೆಗೆ ಹತ್ತಿರವಿರಲಿ ಎಂದು ನೂರು ವರ್ಷದ ಮನೆ ಕೊಂಡವರಿದ್ದಾರೆ. ಕೊಳ್ಳುವಾಗ ಕಾಗದಪತ್ರದಲ್ಲಿ ‘ಸ್ಟೀಮ್ ಹೀಟ್’ ಎಂದು ಬರೆದಿದ್ದನ್ನು ಹೆಚ್ಚಿನವರು ಓದಿ ಮುಂದೆ ಹೋಗುತ್ತಾರೆ. ಚಳಿ ಶುರುವಾದ ಮೇಲೆ ಅದರ ಅರ್ಥ ತಿಳಿಯುತ್ತದೆ. ನಡುರಾತ್ರಿ ಗೋಡೆಯೊಳಗೆ ಧಡಧಡ ಸದ್ದು. ಹಾಲ್ ಸೆಕೆಯಾದರೆ ಹಿಂದಿನ ಕೋಣೆ ತಣ್ಣಗೆ. ಎಲ್ಲಕ್ಕಿಂತ ಕಾಟವೆಂದರೆ, ಥರ್ಮೋಸ್ಟಾಟ್ ಬಿಸಿ ಬೇಕೆಂದು ಕೇಳುತ್ತಿರುವಾಗಲೇ ಬಾಯ್ಲರ್ ಆರಿಹೋಗುವುದು. ರಿಪೇರಿಗೆ ಬಂದವರು ತಲೆಯಾಡಿಸಿ, ‘ಹಳೇದಾಯ್ತು, ಹೊಸದು ಹಾಕಿಸಿಬಿಡಿ’ ಎನ್ನುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಎರಡನೇ ಮಹಾಯುದ್ಧದ ನಂತರದ ಮನೆಗಳಿಗೆ ಬಿಸಿನೀರು, ಬಿಸಿಗಾಳಿಯ ವ್ಯವಸ್ಥೆಗಳು ಬಂದವು. ಹಬೆಯ ಕಸುಬು ಬಲ್ಲವರು ಒಬ್ಬೊಬ್ಬರಾಗಿ ತೀರಿಕೊಂಡರು. ಡ್ಯಾನ್ ಹೊಲೋಹನ್ 1992ರಲ್ಲಿ ಈ ವಿಷಯದ ಮೇಲೆ ಬರೆದ ಪುಸ್ತಕಕ್ಕೆ ‘ದಿ ಲಾಸ್ಟ್ ಆರ್ಟ್ ಆಫ್ ಸ್ಟೀಮ್ ಹೀಟಿಂಗ್’ ಎಂದೇ ಹೆಸರಿಟ್ಟರು.

ಇದರ ಮೂಲ ಉಪಾಯದಲ್ಲಿ ಪಂಪ್ ಇಲ್ಲ, ಫ್ಯಾನ್ ಇಲ್ಲ. ನೀರು ಹಬೆಯಾದಾಗ ಸುಮಾರು 1,700 ಪಟ್ಟು ಹಿಗ್ಗಿ ತಾನಾಗಿಯೇ ಮೇಲಕ್ಕೆ ಓಡುತ್ತದೆ. ಬೀಡು ಕಬ್ಬಿಣದ ರೇಡಿಯೇಟರ್ ಒಳಗೆ ಶಾಖ ಬಿಟ್ಟುಕೊಟ್ಟು ಮತ್ತೆ ನೀರಾಗಿ ಇಳಿಯುತ್ತದೆ. ಹೆಚ್ಚಿನ ಸಣ್ಣ ಮನೆಗಳಲ್ಲಿ ಹಬೆ ಹೋಗುವುದೂ ನೀರು ಬರುವುದೂ ಒಂದೇ ಕೊಳವೆಯಲ್ಲಿ. ಆದ್ದರಿಂದ ಎಲ್ಲವೂ ವಾಟದ ಮೇಲೆ ನಿಂತಿದೆ. ಮನೆ ಕುಸಿದು ನೆಲ ಅರ್ಧ ಅಂಗುಲ ವಾಲಿದರೂ ಸಾಕು, ರೇಡಿಯೇಟರ್‌ನಲ್ಲೋ ಜೋತುಬಿದ್ದ ಕೊಳವೆಯಲ್ಲೋ ನೀರು ನಿಲ್ಲುತ್ತದೆ. ವೇಗವಾಗಿ ಬಂದ ಹಬೆ ಆ ನೀರನ್ನು ಎತ್ತಿ ಮುಂದಿನ ತಿರುವಿಗೆ ಅಪ್ಪಳಿಸುತ್ತದೆ. ರಾತ್ರಿಯ ಸದ್ದು ಅದೇ. ರೇಡಿಯೇಟರ್ ಮೇಲೆ ರಸಮಟ್ಟ ಇಟ್ಟು ನೋಡಿ. ವಾಟ ವಾಲ್ವ್ ಕಡೆಗೆ ಇರಬೇಕು. ಇಲ್ಲದಿದ್ದರೆ ಆಚೆ ತುದಿಯ ಕಾಲುಗಳ ಕೆಳಗೆ ಮರದ ಚಕ್ಕೆ ಕೊಟ್ಟರೆ ಆಯಿತು. ಬಿಸಿ ಕಡಿಮೆ ಮಾಡಲು ವಾಲ್ವನ್ನು ಅರ್ಧ ತಿರುಗಿಸಿಡುವ ಅಭ್ಯಾಸ ಇದ್ದರೆ ಬಿಡಿ. ಒಂದೇ ಕೊಳವೆಯ ವ್ಯವಸ್ಥೆಯಲ್ಲಿ ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು.

ತಣ್ಣಗಿನ ಕೋಣೆಯ ಕಥೆ ಗಾಳಿಯದು. ಹಬೆ ಬರುವ ಮೊದಲು ಕೊಳವೆ ತುಂಬ ಗಾಳಿಯೇ ಇರುತ್ತದೆ. ಅದು ಹೊರಗೆ ಹೋಗದೆ ಹಬೆ ಒಳಗೆ ಬಾರದು. ರೇಡಿಯೇಟರ್ ಪಕ್ಕೆಯ ಪುಟ್ಟ ವೆಂಟ್ ಗಾಳಿ ಬಿಟ್ಟು, ಹಬೆ ತಾಗಿದೊಡನೆ ಮುಚ್ಚಿಕೊಳ್ಳುತ್ತದೆ. ಬೇಸ್‌ಮೆಂಟಿನ ದೊಡ್ಡ ಕೊಳವೆಯ ತುದಿಯಲ್ಲೂ ಇಂಥದ್ದೊಂದು ಇರಬೇಕು. ಬಣ್ಣ ಬಳಿದು ಬಾಯಿ ಮುಚ್ಚಿಸಿದ್ದನ್ನೋ, ತೆಗೆದು ಬಿರಡೆ ಜಡಿದದ್ದನ್ನೋ ಎಷ್ಟೋ ಮನೆಗಳಲ್ಲಿ ಕಾಣಬಹುದು. ಇಷ್ಟು ಅಗ್ಗದ ರಿಪೇರಿಯನ್ನು ಇಷ್ಟು ಜನ ಮರೆಯುವುದೇ ಸೋಜಿಗ. ಒತ್ತಡ ಏರಿಸಿದರೆ ಇದು ಕೆಡುತ್ತದೆಯೇ ಹೊರತು ಸರಿಹೋಗದು, ಯಾಕೆಂದರೆ ಹೆಚ್ಚಿನ ಒತ್ತಡದಲ್ಲಿ ಒಮ್ಮೆ ಮುಚ್ಚಿದ ವೆಂಟ್ ಮತ್ತೆ ತೆರೆಯುವುದು ಕಷ್ಟ. ನೀರಿಗೆ ಬೇರೆ ಕೊಳವೆ ಇರುವ ಮನೆಗಳಲ್ಲಂತೂ 1 ಪಿಎಸ್‌ಐ ಒತ್ತಡ ಮರಳುವ ನೀರನ್ನು ಸುಮಾರು 28 ಅಂಗುಲ ಎತ್ತಿ ಹಿಡಿಯುತ್ತದೆ. 4 ಆದರೆ 9 ಅಡಿ ದಾಟಿತು. ಬೇಸ್‌ಮೆಂಟಿನ ಸೂರೇ ಅಷ್ಟು ಎತ್ತರ ಇರುವುದಿಲ್ಲ.

ಹಾಗಾದರೆ ಮುಳ್ಳು 8ಕ್ಕೆ ಏರಿದ್ದು ಹೇಗೆ? ಒತ್ತಡ ನೋಡಿ ಬೆಂಕಿ ಆರಿಸುವ ಪ್ರೆಷರ್‌ಟ್ರೋಲ್ ಎಂಬ ಸಣ್ಣ ಪೆಟ್ಟಿಗೆ ಒಂದು ಸುರುಳಿ ಕೊಳವೆಯ ಮೇಲೆ ಕೂತಿರುತ್ತದೆ. ಆ ಸುರುಳಿಯಲ್ಲಿ ತುಕ್ಕಿನ ಗಷ್ಟು ಕಟ್ಟಿಕೊಂಡರೆ ಪೆಟ್ಟಿಗೆಗೆ ಒತ್ತಡ ಏರಿದ್ದೇ ತಿಳಿಯದು. ಬಾಯ್ಲರ್ ಆರಿಸಿ, ತಣಿದ ಮೇಲೆ ಬಿಚ್ಚಿ ತೊಳೆಯುವುದಷ್ಟೇ ಕೆಲಸ.

ನಡುವೆ ಆರಿಹೋಗುವ ಬಾಯ್ಲರ್‌ನ ತನಿಖೆ ಮಾತ್ರ ತಾಳ್ಮೆ ಬೇಡುತ್ತದೆ. ನೀರು ತೀರಾ ಇಳಿದರೆ ಬೆಂಕಿ ಆರಿಸುವ ರಕ್ಷಣಾ ಸಾಧನ ಬಾಯ್ಲರ್‌ನಲ್ಲಿದೆ. ಹೆಚ್ಚಾಗಿ ಆರಿಸುತ್ತಿರುವುದು ಅದೇ. ಪ್ರಶ್ನೆ ಏನೆಂದರೆ, ನೀರು ಎಲ್ಲಿ ಹೋಯಿತು? ಬಾಯ್ಲರ್‌ನ ಮುಂಭಾಗದ ಗಾಜಿನ ನಳಿಕೆಯಲ್ಲಿ ತಣ್ಣಗಿರುವಾಗಿನ ಮಟ್ಟಕ್ಕೆ ಗುರುತು ಹಾಕಿ. ಬಾಯ್ಲರ್ ಆರಿ ಅರ್ಧ ಗಂಟೆಯ ನಂತರ ನೀರು ಮತ್ತೆ ಆ ಗುರುತಿಗೆ ಬಂದರೆ ಸೋರಿಕೆ ಇಲ್ಲ. ಮರಳುವ ಕೊಳವೆಯಲ್ಲಿ ಹೂಳು ತುಂಬಿ ನೀರು ತಡವಾಗಿದೆ, ಅಥವಾ ಬಾಯ್ಲರ್ ನೀರಿನಲ್ಲಿ ಎಣ್ಣೆ ಸೇರಿ ಅದು ನೊರೆಯಾಗಿ ಹಬೆಯ ಜೊತೆ ಮೇಲಕ್ಕೆ ಹಾರಿದೆ. ಎರಡನೆಯದಾದರೆ ಗಾಜಿನಲ್ಲಿ ಮಟ್ಟ ಮೇಲೆ ಕೆಳಗೆ ಕುಣಿಯುತ್ತದೆ. ಕೊಳವೆಗೆ ಮರೆ ಕೊರೆಯುವಾಗ ಹಾಕಿದ ಎಣ್ಣೆ ಅದು, ಹೊಸ ಬಾಯ್ಲರ್‌ಗಳಲ್ಲಿ ಸಾಮಾನ್ಯ. ಮೇಲ್ಮೈಯಿಂದ ನೀರನ್ನು ಸಣ್ಣ ಧಾರೆಯಾಗಿ ಗಂಟೆಗಟ್ಟಲೆ ಹೊರಬಿಟ್ಟು ಅದನ್ನು ತೆಗೆಯಬೇಕು. ಆ ಗಂಟೆಗಳ ಕೂಲಿ ಯಾರೂ ಕೊಡದ ಕಾರಣ ಆ ಕೆಲಸವೇ ಬಿಟ್ಟುಹೋಗಿರುತ್ತದೆ.

ನೀರು ಮರಳದಿದ್ದರೆ ಸೋರಿಕೆ ಹುಡುಕಿ. ಸಿಮೆಂಟ್ ನೆಲದ ಕೆಳಗೆ ಹೂತ ಕೊಳವೆಯ ಮೇಲೆ ಮೊದಲ ಅನುಮಾನ. ಇಲ್ಲವೇ ಬಾಯ್ಲರ್‌ನ ಕಬ್ಬಿಣವೇ ನೀರಿನ ಮಟ್ಟಕ್ಕಿಂತ ಮೇಲೆ ತೂತಾಗಿ, ಹಬೆ ಚಿಮಣಿಯಲ್ಲಿ ಬಿಳಿಯಾಗಿ ಹೋಗುತ್ತಿರಬಹುದು. ನಿಜಕ್ಕೂ ಹೊಸ ಬಾಯ್ಲರ್ ಬೇಕಾಗುವುದು ಇಂಥ ಹೊತ್ತಿನಲ್ಲಿ. ತಾನಾಗಿ ನೀರು ತುಂಬುವ ಯಂತ್ರ ಇದ್ದರೆ ಈ ಸೋರಿಕೆ ವರ್ಷಗಟ್ಟಲೆ ಮರೆಯಲ್ಲೇ ಉಳಿಯುತ್ತದೆ. ಹೊಸ ನೀರಿನ ಜೊತೆ ಬರುವ ಆಮ್ಲಜನಕ ಕಬ್ಬಿಣವನ್ನು ತಿನ್ನುತ್ತಾ ಹೋಗುತ್ತದೆ.

ಸೋರಿಕೆಯಿಂದ ಬಾಯ್ಲರ್ ಪೂರ್ತಿ ಬರಿದಾಗದಂತೆ ಕೊಳವೆ ಜೋಡಿಸುವ ಕ್ರಮಕ್ಕೆ ‘ಹಾರ್ಟ್‌ಫರ್ಡ್ ಲೂಪ್’ ಎಂದು ಹೆಸರು. ಅದನ್ನು ಹಬ್ಬಿಸಿದ್ದು 1866ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಹುಟ್ಟಿದ ಬಾಯ್ಲರ್ ವಿಮಾ ಕಂಪನಿ. ಬಾಯ್ಲರ್ ಸಿಡಿಯುವ ಭಯ ಆಗ ಸುಳ್ಳೇನಾಗಿರಲಿಲ್ಲ. ಬಾಸ್ಟನ್ನಿನ ದಕ್ಷಿಣಕ್ಕಿರುವ ಬ್ರಾಕ್‌ಟನ್ನಿನ ಶೂ ಕಾರ್ಖಾನೆಯಲ್ಲಿ 1905ರ ಮಾರ್ಚ್ 20ರಂದು ಬಾಯ್ಲರ್ ಸಿಡಿದು 58 ಮಂದಿ ಸತ್ತರು. ಎರಡು ವರ್ಷದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಬಾಯ್ಲರ್ ಸುರಕ್ಷತೆಗೆ ಕಾನೂನು ತಂದಿತು. ಮನೆಯ ಬಾಯ್ಲರ್ ಅಷ್ಟು ಭಯಂಕರವಲ್ಲ, 15 ಪಿಎಸ್‌ಐಗೆ ತೆರೆಯುವ ಸುರಕ್ಷಾ ವಾಲ್ವ್ ಅದಕ್ಕಿದೆ. ಆದರೂ ನೀರಿಲ್ಲದೆ ಕಾದ ಬಾಯ್ಲರ್‌ಗೆ ಗಾಬರಿಯಲ್ಲಿ ತಣ್ಣೀರು ಬಿಡಬೇಡಿ, ಬೀಡು ಸೀಳುತ್ತದೆ. ಆರಿಸಿ, ಪೂರ್ತಿ ತಣಿಯಲು ಬಿಡಿ. ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಇರಲೇಬೇಕು. ಕೊಳವೆಗೆ ಸುತ್ತಿದ ಹಳೆಯ ಬಿಳಿ ಕವಚ ಕಲ್ನಾರಿನದಾಗಿರಬಹುದು, ಕೈಹಾಕಬೇಡಿ.

ಕೊನೆಗೂ ಹೊಸ ಬಾಯ್ಲರ್ ಕೊಳ್ಳಲೇಬೇಕಾದರೆ ಬೇಸಿಗೆಯಲ್ಲಿ ವಿಚಾರಿಸಿ. ಫೋನಿನಲ್ಲೇ ಒಂದು ಪ್ರಶ್ನೆ ಕೇಳಿ: ‘ಎಷ್ಟು ದೊಡ್ಡದು ಬೇಕೆಂದು ಹೇಗೆ ಲೆಕ್ಕ ಹಾಕುತ್ತೀರಿ?’ ಮನೆಯ ರೇಡಿಯೇಟರ್‌ಗಳನ್ನೆಲ್ಲ ಅಳೆಯುತ್ತೇವೆ ಎಂದವರನ್ನು ಮನೆಗೆ ಕರೆಸಿ. ಹಳೆಯ ಬಾಯ್ಲರ್‌ನ ಲೇಬಲ್ ನೋಡಿದರೆ ಸಾಕು ಎನ್ನುವವರಿಗೆ ಧನ್ಯವಾದ ಹೇಳಿ ಫೋನ್ ಇಡಿ.